ಕಿಟಕಿಯಲ್ಲಿ ಕೂತಿದ್ದ ಹುಡುಗ

ಹಿಂದೆ ನಿಂತಿರೋರು ಮುಂದೆ ಬನ್ನಿ, ಈ ಕಡೆ ಜಾಗ ಇದೆ. ಸತ್ಯವೇದ ತೆಗೀರಿ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ, 7ರಿಂದ 12ನೇ ವಚನದವರೆಗೆ. ಮೊಬೈಲ್‌ನಲ್ಲಿ ಓದೋರು ಮೊಬೈಲ್‌ನಲ್ಲೇ ಓದಿ, ಆದರೆ ವಾಟ್ಸ್ಆ್ಯಪ್ ತೆಗೀಬೇಡಿ.

ಓದಿದ್ರಾ? ತ್ರೋವ ಅನ್ನೋ ಊರು. ವಾರದ ಮೊದಲನೇ ದಿನ. ವಿಶ್ವಾಸಿಗಳು ರೊಟ್ಟಿ ಮುರಿಯೋದಕ್ಕೆ ಸೇರಿದ್ದಾರೆ. ಪೌಲ ಮಾರನೇ ದಿನ ಹೊರಡಬೇಕು, ಅದಕ್ಕೆ ಮಾತು ನಿಲ್ಲಿಸ್ತಾನೇ ಇಲ್ಲ, ಮಧ್ಯರಾತ್ರಿ ಆಯ್ತು. ನೀವು ನಲವತ್ತು ನಿಮಿಷಕ್ಕೇ ವಾಚ್ ನೋಡ್ತೀರ, ಅದು ಬೇರೆ ವಿಷಯ. ಆ ಮಾಳಿಗೆ ಕೋಣೆಯಲ್ಲಿ ಬಹಳ ದೀಪಗಳಿದ್ದವು ಅಂತ ಲೂಕ ಬರೀತಾನೆ. ಎಣ್ಣೆ ದೀಪಗಳು, ಹೊಗೆ, ಸೆಕೆ, ತುಂಬಾ ಜನ. ಯೂತಿಕ ಅನ್ನೋ ಒಬ್ಬ ಯೌವನಸ್ಥ ಕಿಟಕಿಯಲ್ಲಿ ಕೂತಿದ್ದಾನೆ. ನಿದ್ದೆ ಹತ್ತಿತು. ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದರೆ ಸತ್ತಿದ್ದ.

ನಾನು ಈ ಭಾಗವನ್ನ ಎಷ್ಟೋ ಸಾರಿ ಕೇಳಿದ್ದೀನಿ. ಸಾಮಾನ್ಯವಾಗಿ ಇದನ್ನ ಯಾಕೆ ಹೇಳ್ತಾರೆ ಗೊತ್ತಾ? ಪ್ರಸಂಗದಲ್ಲಿ ನಿದ್ದೆ ಮಾಡಬಾರದು ಅಂತ. ಆದರೆ ವಾಕ್ಯದಲ್ಲಿ ಯೂತಿಕನನ್ನ ಬೈದವರು ಒಬ್ಬರೂ ಇಲ್ಲ, ನೀವೇ ಹುಡುಕಿ ನೋಡಿ. ನಾನು ಇನ್ನೊಂದು ಪ್ರಶ್ನೆ ಕೇಳ್ತೀನಿ. ಅವನು ಕಿಟಕಿಯಲ್ಲಿ ಕೂತಿದ್ದನ್ನ ಎಷ್ಟು ಜನ ನೋಡಿದ್ರು? ಕೋಣೆ ತುಂಬಾ ವಿಶ್ವಾಸಿಗಳು, ದೀಪ ಬೇರೆ ಬೇಕಾದಷ್ಟು. ಕತ್ತಲೇನೂ ಇರಲಿಲ್ಲ. ಅವನು ಸಭೆಯ ಒಳಗೇ ಇದ್ದ, ಆದರೆ ಅಂಚಿನಲ್ಲಿದ್ದ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. "ತಮ್ಮಾ, ಅಲ್ಲಿ ಯಾಕೆ ಕೂತಿದ್ದೀಯ, ಇಲ್ಲಿ ಬಾ" ಅಂತ ಯಾರಾದ್ರೂ ಕರೆದ್ರು ಅಂತ ಬರೆದಿಲ್ಲ.

ಡಿಸೆಂಬರ್ ಬರ್ತಾ ಇದೆ. ನಿಮ್ಮಲ್ಲಿ ಕೆಲವರು ಗೋವಾಗೆ ಟಿಕೆಟ್ ಮಾಡಿಸಿದ್ದೀರ. ಮನೆಯಲ್ಲಿ ಆಫೀಸ್ ಟ್ರಿಪ್ ಅಂತ ಹೇಳಿದ್ದೀರ. ಯಾರು ಅಂತ ನಾನು ಹುಡುಕೋಕೆ ಹೋಗಲ್ಲ, ಮುಖ ಮುಚ್ಚಿಕೋಬೇಡಿ. ಮ್ಯೂಸಿಕ್ ಕೇಳೋದು ಪಾಪ ಅಂತ ಹೇಳೋದಕ್ಕೆ ಇವತ್ತು ನಾನು ನಿಂತಿಲ್ಲ. ಆ ಮೈದಾನದಲ್ಲಿ ಕೈಯಿಂದ ಕೈಗೆ ದಾಟುವ ಮಾತ್ರೆ ಬಗ್ಗೆ ಮಾತಾಡಬೇಕು.

ಎಂಡಿಎಂಎ. ಎಕ್ಸ್ಟಸಿ ಅಂತಾನೂ ಕರೀತಾರೆ. ಒಬ್ಬ ಹುಡುಗ ನನ್ನ ಹತ್ರ ಬಂದು ಕೇಳಿದ: "ಪಾಸ್ಟರ್, ಆರಾಧನೆಯಲ್ಲೂ ನಾನು ಅಳ್ತೀನಿ, ಅಲ್ಲೂ ಅತ್ತೆ. ಅಲ್ಲಿ ಸುತ್ತ ಇರೋ ಎಲ್ಲರ ಮೇಲೂ ಪ್ರೀತಿ ಬಂತು, ಗೊತ್ತಿಲ್ಲದವರನ್ನ ತಬ್ಬಿಕೊಂಡೆ. ವ್ಯತ್ಯಾಸ ಏನು?" ಒಳ್ಳೇ ಪ್ರಶ್ನೆ. ನಮ್ಮಲ್ಲೂ ಲೈಟ್ ಇದೆ, ಹೊಗೆ ಬಿಡೋ ಮಷೀನ್ ಇದೆ, ಬೇಸ್ ಎದೆಗೆ ಹೊಡೆಯುತ್ತೆ. ಆ ಮಷೀನ್ ತರಿಸಿದ್ದು ಯಾರು ಅಂತ ಸೌಂಡ್ ಟೀಮ್ ಆಮೇಲೆ ಹೇಳಲಿ.

ವ್ಯತ್ಯಾಸ ಹೇಳ್ತೀನಿ. ಆ ಮಾತ್ರೆ ಮೆದುಳಿನಲ್ಲಿರೋ ಸೆರಟೋನಿನ್ ಅನ್ನೋ ರಾಸಾಯನಿಕವನ್ನ ಒಂದೇ ಸಲ ಸುರಿಸಿಬಿಡುತ್ತೆ. ವಾರಕ್ಕೆ ಸಾಲಬೇಕಾದ ದುಡ್ಡನ್ನ ಒಂದೇ ರಾತ್ರಿ ಖರ್ಚು ಮಾಡಿದ ಹಾಗೆ. ಅದಕ್ಕೇ ಎರಡು ಮೂರು ದಿನ ಬಿಟ್ಟು ಮನಸ್ಸು ಪಾತಾಳಕ್ಕೆ ಇಳಿಯುತ್ತೆ, ಯಾರೂ ಬೇಡ ಅನ್ಸುತ್ತೆ. ಶನಿವಾರ ಅಪರಿಚಿತರನ್ನ ತಬ್ಬಿಕೊಂಡವನು ಮಂಗಳವಾರ ಸ್ವಂತ ತಾಯಿ ಜೊತೆ ಮಾತಾಡಲ್ಲ. ಪಂಚಾಶತ್ತಮ ದಿನದಲ್ಲೂ ಜನ ಶಿಷ್ಯರನ್ನ ನೋಡಿ ಕುಡಿದಿದ್ದಾರೆ ಅಂತ ನಕ್ಕರು. ಬೆಳಿಗ್ಗೆ ಒಂಬತ್ತು ಗಂಟೆಗೆ ಯಾರು ಕುಡೀತಾರೆ ಅಂತ ಪೇತ್ರ ಕೇಳಿದ. ಆದರೆ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದ ಕೊನೆ ಓದಿ. ಆತ್ಮನಿಂದ ತುಂಬಿದವರು ಪ್ರತಿದಿನ ಒಟ್ಟಿಗೆ ಊಟ ಮಾಡಿದರು, ಇದ್ದದ್ದನ್ನ ಇಲ್ಲದವರಿಗೆ ಹಂಚಿದರು. ಅವರ ಪ್ರೀತಿ ಮಂಗಳವಾರವೂ ಇತ್ತು. ಹಲ್ಲೆಲೂಯಾ.

ಇನ್ನು ಭಾರವಾದ ವಿಷಯಕ್ಕೆ ಬರ್ತೀನಿ. ಇದು ಆಸ್ಟ್ರೇಲಿಯಾದಲ್ಲಿ ನಡೆದದ್ದು. ಅಷ್ಟು ದೂರದ್ದು ಯಾಕೆ ಹೇಳ್ತೀನಿ ಅಂದ್ರೆ, ಅಲ್ಲಿ ಒಬ್ಬ ನ್ಯಾಯಾಧಿಕಾರಿ ಕೂತು ಒಂದೊಂದೂ ಸಾವನ್ನ ವಿಚಾರಿಸಿ ಬರೆದಿಟ್ಟಿದ್ದಾರೆ. 2017ರ ಡಿಸೆಂಬರ್‌ನಿಂದ 2019ರ ಜನವರಿ ಒಳಗೆ ನ್ಯೂ ಸೌತ್ ವೇಲ್ಸ್ ರಾಜ್ಯದ ಸಂಗೀತೋತ್ಸವಗಳಿಗೆ ಹೋದ ಆರು ಮಂದಿ ತೀರಿಕೊಂಡರು. ವಯಸ್ಸು 18ರಿಂದ 23. ಹ್ಯಾರಿಯೆಟ್ ಗ್ರೇಹಮ್ ಅನ್ನೋ ಕರೋನರ್ 2019ರ ನವೆಂಬರ್‌ನಲ್ಲಿ ತೀರ್ಮಾನ ಕೊಟ್ಟರು. ಆರೂ ಸಾವಿನ ಹಿಂದೆ ಇದ್ದದ್ದು ಎಂಡಿಎಂಎ.

ಅದರಲ್ಲಿ ಒಬ್ಬಳು 19 ವರ್ಷದ ಹುಡುಗಿ. ಗೇಟಿನಲ್ಲಿ ಪೊಲೀಸರು ಹಿಡೀತಾರೇನೋ ಅನ್ನೋ ಭಯ ಅವಳಿಗೆ. ಬ್ಯಾಗಲ್ಲಿ ಇಟ್ಕೊಂಡ್ರೆ ಸಿಕ್ಕಿಬೀಳ್ತೀನಿ ಅಂತ, ಒಳಗೆ ಹೋಗೋ ಮೊದಲೇ ಹೆಚ್ಚುಕಡಿಮೆ ಮೂರು ಮಾತ್ರೆಯಷ್ಟು ನುಂಗಿದಳು. ವಾಪಸ್ ಮನೆಗೆ ಬರಲಿಲ್ಲ.

ಸ್ವಲ್ಪ ನಿಲ್ಲಿ ಇಲ್ಲಿ. ಅವಳನ್ನ ಕೊಂದದ್ದು ಮಾತ್ರೆ, ನಿಜ. ಆದರೆ ಅಷ್ಟನ್ನ ಒಂದೇ ಸಲ ನುಂಗಿಸಿದ್ದು ಯಾವುದು? ಭಯ. ಯಾರಿಗೂ ಗೊತ್ತಾಗಬಾರದು ಅನ್ನೋ ಭಯ. ಅದಕ್ಕೇ ಆ ಕರೋನರ್ ತಮ್ಮ ಸರ್ಕಾರಕ್ಕೆ, ಗೇಟಿನಲ್ಲಿ ನಾಯಿ ನಿಲ್ಲಿಸೋದನ್ನ ಬಿಡಿ, ಮಾತ್ರೆ ಪರೀಕ್ಷೆ ಮಾಡಿ ಹೇಳೋ ವ್ಯವಸ್ಥೆ ಮಾಡಿ ಅಂತ ಸಲಹೆ ಕೊಟ್ಟರು. ಅಲ್ಲಿನವರು ಅದರ ಮೇಲೆ ವರ್ಷಗಟ್ಟಲೆ ಜಗಳ ಆಡಿದರು, ಆ ಪರೀಕ್ಷೆ ಪ್ರಾಯೋಗಿಕವಾಗಿ ಶುರುವಾದದ್ದು 2025ರಲ್ಲಿ. ಅದು ಸರಿಯೋ ತಪ್ಪೋ ಸರ್ಕಾರಗಳು ನೋಡಲಿ. ನಾನು ಸಭಾಪಾಲಕ, ನನ್ನ ಚಿಂತೆ ನನ್ನ ಗೇಟಿನದ್ದು. ನಮ್ಮ ಸಭೆ ಬಾಗಿಲಲ್ಲಿ ಯಾವ ನಾಯಿ ಕಟ್ಟಿದ್ದೀವಿ? ನಮ್ಮ ಮನೆಗಳಲ್ಲಿ? "ಪಾಸ್ಟರ್‌ಗೆ ಗೊತ್ತಾದ್ರೆ ವರ್ಶಿಪ್ ಟೀಮಿಂದ ತೆಗೀತಾರೆ, ಅಪ್ಪನಿಗೆ ಗೊತ್ತಾದ್ರೆ ಮನೆಯಿಂದ ಹಾಕ್ತಾರೆ, ಮದುವೆ ಮಾತು ನಿಲ್ಲುತ್ತೆ." ಏದೆನ್ ತೋಟದಲ್ಲಿ ಆದಾಮ ಹಣ್ಣು ತಿಂದ ಮೇಲೆ ಮರಗಳ ಹಿಂದೆ ಅಡಗಿಕೊಂಡ. ದೇವರು ಎಲ್ಲಿದ್ದೀಯ ಅಂತ ಕೇಳಿದರು. ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ ಕೇಳಿದರಾ? ಅವನೇ ಹೊರಗೆ ಬರಲಿ ಅಂತ ಕೇಳಿದರು.

ಈಗ ಎಲ್ಲರೂ ಸರಿಯಾಗಿ ಕೇಳಿಸಿಕೊಳ್ಳಿ, ತೊಗೊಳ್ಳೋರೂ ತೊಗೊಳ್ಳದವರೂ. ಜೊತೆಯಲ್ಲಿ ಹೋದ ಸ್ನೇಹಿತ ಬಿದ್ದರೆ ನಿಮಗೆ ಬೇಕಾಗೋದು ಇದೇ. ಆ ಮಾತ್ರೆ ಮೈ ಕಾವನ್ನ ಏರಿಸುತ್ತೆ. ಬಿಸಿಲು, ಜನಜಂಗುಳಿ, ಗಂಟೆಗಟ್ಟಲೆ ಕುಣಿತ, ಎಲ್ಲ ಸೇರಿ ದೇಹ ಒಳಗಿಂದ ಬೇಯುತ್ತೆ. ಮೈ ಸುಡುತ್ತೆ, ದವಡೆ ಬಿಗಿಯುತ್ತೆ, ಮಾತು ತಡವರಿಸುತ್ತೆ, ಎಲ್ಲಿದ್ದೀನಿ ಅಂತ ಗೊತ್ತಾಗಲ್ಲ, ಆಮೇಲೆ ಫಿಟ್ಸ್ ಬರಬಹುದು. ಬಾಯಾರಿಕೆ ಅಂತ ಲೀಟರ್‌ಗಟ್ಟಲೆ ನೀರು ಕುಡಿಸೋದೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದು ಮೆದುಳು ಊದಿಕೊಳ್ಳುತ್ತೆ. ಇನ್ನೊಂದು: ಆ ಮಾತ್ರೆಯಲ್ಲಿ ಏನಿದೆ ಅಂತ ಕೊಟ್ಟವನಿಗೂ ಗೊತ್ತಿರಲ್ಲ. ಕೆಲವು ಬೆರಕೆಗಳು ನಿಧಾನಕ್ಕೆ ಏರುತ್ತವೆ. ಏನೂ ಆಗ್ಲಿಲ್ವಲ್ಲ ಅಂತ ಇನ್ನೊಂದು ನುಂಗ್ತಾರೆ, ಎರಡೂ ಒಟ್ಟಿಗೆ ಏರಿಬಿಡುತ್ತೆ.

ಹಾಗಾದಾಗ ರೂಮಿಗೆ ಹೊತ್ಕೊಂಡು ಹೋಗಿ ಮಲಗಿಸಬೇಡಿ. "ನಿದ್ದೆ ಮಾಡಿದ್ರೆ ಸರಿಹೋಗ್ತಾನೆ" ಅನ್ನಬೇಡಿ. ಅಲ್ಲೇ ಮೆಡಿಕಲ್ ಟೆಂಟ್ ಇದ್ದರೆ ಓಡಿ, ಇಲ್ಲದಿದ್ದರೆ 108 ಅಥವಾ 112ಕ್ಕೆ ಫೋನ್ ಮಾಡಿ. ನೆರಳಿಗೆ ಕರ್ಕೊಂಡು ಹೋಗಿ, ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಡಾಕ್ಟರ್ ಕೇಳಿದಾಗ ಏನು ತೊಗೊಂಡ, ಎಷ್ಟು, ಯಾವಾಗ, ಎಲ್ಲ ನಿಜ ಹೇಳಿ. ಪ್ರಾರ್ಥನೆ? ಮಾಡಿ. ಫೋನ್ ಮಾಡ್ತಾ ಮಾಡಿ. ಫೋನ್ ಬದಲು ಮಾಡಬೇಡಿ.

ಪೊಲೀಸ್ ಕೇಸ್ ಆಗುತ್ತಲ್ಲ ಪಾಸ್ಟರ್ ಅಂತೀರ. ಆಗಬಹುದು. ಆಸ್ಪತ್ರೆಯವರು ಎಂಎಲ್‌ಸಿ ಬರೆದು ಪೊಲೀಸರಿಗೆ ತಿಳಿಸಬಹುದು, ನಾನು ನಿಮಗೆ ಸುಳ್ಳು ಧೈರ್ಯ ಹೇಳಲ್ಲ. ಕೇಸಿಗೆ ವಕೀಲರಿದ್ದಾರೆ. ನಿಮ್ಮ ಸ್ನೇಹಿತನ ಹೆಣ ಮನೆಗೆ ಬಂದ ಮೇಲೆ ಅವನ ತಾಯಿ ಮುಂದೆ ನಿಲ್ಲೋದಕ್ಕೆ ಯಾವ ವಕೀಲರೂ ಬರಲ್ಲ.

ಕಾನೂನಿನ ಎರಡು ಮಾತು ಗೊತ್ತಿರಲಿ. 1985ರ ಎನ್‌ಡಿಪಿಎಸ್ ಕಾಯ್ದೆ ಬಹಳ ಕಠಿಣ. ಎಂಡಿಎಂಎ 10 ಗ್ರಾಂ ದಾಟಿತು ಅಂದ್ರೆ ವಾಣಿಜ್ಯ ಪ್ರಮಾಣ, ಕನಿಷ್ಠ ಶಿಕ್ಷೆ 10 ವರ್ಷ. ಹುಡುಗರೆಲ್ಲ ಸೇರಿ ಎಲ್ಲರದ್ದೂ ಒಬ್ಬನ ಬ್ಯಾಗಲ್ಲಿ ಇಡ್ತೀರಲ್ಲ, ಆ ಒಬ್ಬನ ಗತಿ ಯೋಚನೆ ಮಾಡಿ. ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ವ್ಯಸನಕ್ಕೆ ಬಿದ್ದವನು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ್ದರೂ, ತಾನಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದರೆ ವಿಚಾರಣೆಯಿಂದ ಬಿಡುಗಡೆ ಸಿಗುತ್ತೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ನೋಡಿ, ಇಷ್ಟು ಗಡಸು ಕಾನೂನು ಕೂಡ ತಾನಾಗಿ ಬಂದವನಿಗೆ ಒಂದು ಬಾಗಿಲು ಇಟ್ಟಿದೆ. ಸಭೆಯಲ್ಲಿ ಆ ಬಾಗಿಲು ಇಲ್ಲದಿದ್ದರೆ ನಾವು ಯಾವ ಸುವಾರ್ತೆ ಸಾರ್ತಾ ಇದ್ದೀವಿ?

ತ್ರೋವಕ್ಕೆ ವಾಪಸ್ ಬನ್ನಿ. ಹುಡುಗ ಬಿದ್ದ. ಪೌಲ ಏನು ಮಾಡಿದ? ಪ್ರಸಂಗ ನಿಲ್ಲಿಸಿದ. ಮೂರು ಅಂತಸ್ತು ಮೆಟ್ಟಿಲು ಇಳಿದ. ಮೇಲಿನಿಂದ ಕೈ ಚಾಚಿ ಪ್ರಾರ್ಥನೆ ಮಾಡಬಹುದಿತ್ತು, ಅಪೊಸ್ತಲ ಅಲ್ವಾ. ಅವನು ಇಳಿದು ಹೋದ, ಬಿದ್ದವನ ಮೇಲೆ ಬಗ್ಗಿ ಅವನನ್ನ ತಬ್ಬಿಕೊಂಡ. ಹಿಂದೆ ಎಲೀಯ ಸರೆಪ್ತದ ವಿಧವೆಯ ಮಗನ ಮೇಲೆ ಬೋರಲು ಬಿದ್ದ ಹಾಗೆ. ಗದ್ದಲ ಮಾಡಬೇಡಿ, ಇವನಲ್ಲಿ ಜೀವ ಇದೆ ಅಂದ. ಆಮೇಲೆ ಮೇಲೆ ಹೋಗಿ ರೊಟ್ಟಿ ಮುರಿದು, ಬೆಳಗಾಗೋ ತನಕ ಮಾತಾಡಿದ. ಹುಡುಗನನ್ನ ಜೀವಂತವಾಗಿ ಕರ್ಕೊಂಡು ಬಂದರು, ಎಲ್ಲರಿಗೂ ಬಹಳ ಸಮಾಧಾನ ಆಯ್ತು. ಆ ಹುಡುಗನನ್ನ ನಿಲ್ಲಿಸಿ ಸಾಕ್ಷಿ ಹೇಳಿಸಿದರು ಅಂತ ಬರೆದಿಲ್ಲ.

ಇಲ್ಲಿ ಕೂತಿರೋ ತಂದೆತಾಯಂದಿರಿಗೆ ಒಂದು ಮಾತು. ಮಗ ಬಾಯಿ ಬಿಟ್ಟು ಹೇಳಿದ ದಿನ ಹೊಡೀಬೇಡಿ. ಉಪವಾಸ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿ ಮೈಕಲ್ಲಿ ಅಳಬೇಡಿ, ಅವನು ಮತ್ತೆ ಯಾವತ್ತೂ ಹೇಳಲ್ಲ. ದೆವ್ವ ಬಿಡಿಸಿ ಪಾಸ್ಟರ್ ಅಂತ ನನ್ನ ಹತ್ರ ಎಳ್ಕೊಂಡು ಬರೋ ಮುಂಚೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ, ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ನಾನೂ ಜೊತೆಗೆ ಬರ್ತೀನಿ. ಕರ್ತನು ಬಿಡುಗಡೆ ಕೊಡ್ತಾನೆ, ನಾನು ನಂಬ್ತೀನಿ. ಡಾಕ್ಟರ್ ಕೈಯಿಂದ ಕೊಟ್ಟರೂ ಆತನೇ ಕೊಟ್ಟದ್ದು. ಈ ಭಾಗ ಬರೆದ ಲೂಕ ಕೂಡ ವೈದ್ಯನೇ. ಆಮೆನ್ ಹೇಳೋದಾದ್ರೆ ಇಲ್ಲಿ ಹೇಳಿ.

ದೂರದಲ್ಲಿದ್ದು ಇದನ್ನ ಓದ್ತಾ ಇರೋರು, ಪಿಜಿಯಲ್ಲಿ ಒಬ್ಬರೇ ಇರೋರು ಈ ನಂಬರ್ ಬರ್ಕೊಳ್ಳಿ: 14446, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಮನಸ್ಸು ಕುಗ್ಗಿ ಸಾಯಬೇಕು ಅನ್ಸಿದ್ರೆ ಟೆಲಿ ಮಾನಸ್, 14416. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ವರ್ಶಿಪ್ ಟೀಮ್ ಬನ್ನಿ. ಹೊಗೆ ಬೇಡ ಇವತ್ತು. ಸಾಮಾನ್ಯವಾಗಿ ಈ ಹೊತ್ತಿಗೆ ಕೈ ಎತ್ತಿ, ಮುಂದೆ ಬನ್ನಿ ಅಂತ ಕರೀತೀನಿ. ಇವತ್ತು ಕರೆಯಲ್ಲ. ಕ್ಯಾಮೆರಾ ಓಡ್ತಾ ಇದೆ, ಅಕ್ಕಪಕ್ಕದವರು ನೋಡ್ತಾರೆ. ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲ್ ರೂಮಲ್ಲಿ ನಾನೂ ನಮ್ಮ ಸಿಸ್ಟರೂ ಒಂಬತ್ತೂವರೆ ತನಕ ಇರ್ತೀವಿ, ಅಲ್ಲೇ ಚಿತ್ರಾನ್ನ ಇರುತ್ತೆ. ಊಟಕ್ಕೆ ಬಂದೆ ಅಂತ ಹೇಳ್ಕೊಂಡು ಬನ್ನಿ.

ಪ್ರಾರ್ಥನೆ ಮಾಡೋಣ. ಕರ್ತನೇ, ಕಿಟಕಿಯಲ್ಲಿ ಕೂತಿರೋ ಮಕ್ಕಳನ್ನ ನೀನು ಹೆಸರು ಹೆಸರಾಗಿ ಬಲ್ಲೆ. ನಮ್ಮ ಕಣ್ಣು ತೆರೆ. ಮೆಟ್ಟಿಲು ಇಳಿಯೋದಕ್ಕೆ ನಮ್ಮ ಕಾಲಿಗೆ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.