ಬಿಸಿಯೂಟದ ತಟ್ಟೆ, ಆಟದ ಬಯಲು

ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಸರ್ಕಾರ ಇಟ್ಟ ಹೆಸರು ‘ಅಕ್ಷರ ದಾಸೋಹ’. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ನಾಡಿಗೆಲ್ಲ ಹಬ್ಬಿದ ಈ ಯೋಜನೆಯ ಹೆಸರಿನಲ್ಲೇ ಒಂದು ತತ್ವವಿದೆ. ದಾಸೋಹ ಹನ್ನೆರಡನೆಯ ಶತಮಾನದ ಶರಣರಿಂದ ಬಂದ ಮಾತು. ದಾನವೆಂಬುದಕ್ಕೆ ಅದು ಇನ್ನೊಂದು ಹೆಸರಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಬಡಿಸುವವನೇ ದಾಸ, ಉಣ್ಣಲು ಕೂತವನೇ ಒಡೆಯ. ಆ ಲೆಕ್ಕದಲ್ಲಿ ಶಾಲೆಯ ಜಗಲಿಯ ಮೇಲೆ ತಟ್ಟೆ ಹಿಡಿದು ಕೂತ ಒಂದನೇ ತರಗತಿಯ ಮಗುವೇ ಒಡೆಯ, ಶರಣರ ಮಾತಿನಲ್ಲಿ ಜಂಗಮ.

ಕಾನೂನು ಬೇರೆ ದಾರಿಯಲ್ಲಿ ಇದೇ ಜಾಗಕ್ಕೆ ಬಂದು ನಿಂತಿತು. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ನೀಡಿದ ಆದೇಶದಂತೆ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಲೇಬೇಕು. ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೊಟೀನ್ ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಅದು ಸಿಗಬೇಕು. ಊಟ ಯಾರದೋ ಕೃಪೆಯಾಗಿ ಉಳಿಯಲಿಲ್ಲ, ಹಕ್ಕಾಯಿತು. ಪ್ರಮಾಣವೂ ನಂತರ ಏರಿತು. ಈಗ ಕಿರಿಯ ಪ್ರಾಥಮಿಕದ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೊಟೀನ್, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೊಟೀನ್.

ಆದರೆ ಆ ತಟ್ಟೆಯಲ್ಲಿ ಏನಿರಬೇಕು ಎಂಬಲ್ಲಿ ಧರ್ಮದ ಪ್ರಶ್ನೆ ತಪ್ಪಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಮಿಳುನಾಡಿನ ಶಾಲೆಗಳಲ್ಲಿ 1989ರಿಂದಲೇ ಬಡಿಸುತ್ತಿದ್ದ ಮೊಟ್ಟೆ ಇಲ್ಲಿ ಮೂರು ದಶಕ ತಡವಾಗಿ, ಅದೂ ವಾದದ ಜೊತೆಗೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. ಮರುವರ್ಷ ಯೋಜನೆ ರಾಜ್ಯವ್ಯಾಪಿಯಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು.

ವಿರೋಧದ ಮಾತುಗಳಲ್ಲಿ ‘ಸಾತ್ವಿಕ ಆಹಾರ’ ಮತ್ತೆ ಮತ್ತೆ ಬರುತ್ತದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಆಹಾರವನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವುದು ನಿಜ. ಆದರೆ ಅಲ್ಲಿ ಪದಾರ್ಥಗಳ ಪಟ್ಟಿ ಇಲ್ಲ. ಆಯಸ್ಸು, ಬಲ, ಆರೋಗ್ಯ, ಸಂತೋಷ ಹೆಚ್ಚಿಸುವಂಥದು, ರಸವೂ ಜಿಡ್ಡೂ ಇರುವಂಥದು ಸಾತ್ವಿಕ; ಅತಿಯಾದ ಖಾರ, ಹುಳಿ, ಉಪ್ಪಿನದು ರಾಜಸ; ಹೊತ್ತು ಮೀರಿದ್ದು, ಹಳಸಿದ್ದು, ಎಂಜಲಾದದ್ದು ತಾಮಸ. ಮೊಟ್ಟೆಯಾಗಲಿ ಈರುಳ್ಳಿಯಾಗಲಿ ಅಲ್ಲಿ ಹೆಸರಿನಿಂದ ಬರುವುದಿಲ್ಲ. ‘ಅಮೇಧ್ಯ’, ಅಂದರೆ ಅಶುಚಿ, ಎಂಬ ಒಂದು ಪದವನ್ನು ಹಿಗ್ಗಿಸಿ ಅವನ್ನು ಒಳಗೆ ತರಬಹುದು, ಅಷ್ಟೆ. ಇದೇ ಅಳತೆಗೋಲಿನಲ್ಲಿ ಅಳೆದರೆ ಶಾಲೆಯ ಎದುರಿನ ಅಂಗಡಿಯಲ್ಲಿ ತೂಗುವ ಉಪ್ಪುಖಾರದ ಕುರುಕಲಿನ ಪೊಟ್ಟಣವೇ ರಾಜಸಕ್ಕೂ ತಾಮಸಕ್ಕೂ ಹತ್ತಿರ. ಆದರೂ ಪೊಟ್ಟಣದ ವಿರುದ್ಧ ಅಷ್ಟು ಗಟ್ಟಿಯಾದ ಧಾರ್ಮಿಕ ದನಿ ಕೇಳಿಬಂದದ್ದಿಲ್ಲ. ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರಲ್ಲಿ ನಿಯಮ ಮಾಡಿದ್ದು ಆಹಾರ ಸುರಕ್ಷತಾ ಪ್ರಾಧಿಕಾರ.

ಈರುಳ್ಳಿ ಬೆಳ್ಳುಳ್ಳಿಗಳ ಸ್ಪಷ್ಟ ನಿಷೇಧ ಇರುವುದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ, ಅದೂ ದ್ವಿಜರಿಗೆ. ಒಂದು ವರ್ಗದ ಕಟ್ಟಳೆಯಾಗಿಯೇ ಹುಟ್ಟಿದ ಮಾತು ಅದು. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾಗಿ ಶಾಲೆಗಳಿಗೆ ಊಟ ಒದಗಿಸುವ ಅಕ್ಷಯ ಪಾತ್ರ ಸಂಸ್ಥೆಯ ಅಡುಗೆಮನೆಗಳು ವೈಷ್ಣವ ಸಂಪ್ರದಾಯದಂತೆ ಇವೆರಡನ್ನೂ ಬಳಸುವುದಿಲ್ಲ. ಹಸಿದ ಮಕ್ಕಳಿಗೆ ಊಟ ಮುಟ್ಟಿಸಿದ ಆ ಕೆಲಸ ದೊಡ್ಡದು. ಆದರೆ ಒಗ್ಗರಣೆಗೆ ಬೆಳ್ಳುಳ್ಳಿ ಬೀಳದ ಸಾರು ಮನೆಯ ಸಾರಲ್ಲ ಎಂದು ಮಗು ಮುಖ ಸಿಂಡರಿಸಿದರೆ, ದಾಸೋಹದ ತರ್ಕದಲ್ಲಿ ಸರಿ ಮಗುವಿನದೇ. ಒಡೆಯನ ನಾಲಿಗೆಯನ್ನು ತಿದ್ದುವುದು ದಾಸನ ಕೆಲಸವಲ್ಲ.

ಅಹಿಂಸೆಯ ವಾದ ಇದಕ್ಕಿಂತ ಭಾರವಾದದ್ದು. ಜೈನರಿಗೆ ಅದು ರುಚಿಯ ಮಾತಲ್ಲ, ವ್ರತ. ದಾಸೋಹ ನಡೆಸುವ ಲಿಂಗಾಯತ ಮಠಗಳ ಪಂಕ್ತಿಯೂ ಸಸ್ಯಾಹಾರದ್ದೇ, ಆದ್ದರಿಂದ ದಾಸೋಹವೆಂಬ ಪದವನ್ನು ಮೊಟ್ಟೆಯ ಪಕ್ಕ ಇಟ್ಟಾಗ ಆ ಮಠದವರಿಗೆ ಇರಿಸುಮುರಿಸಾದರೆ ಅದು ಸಹಜ. ಆದರೆ ವ್ರತವೆಂಬುದು ಹಿಡಿದವನಿಂದ ವ್ರತವಾಗುತ್ತದೆ. ಮನೆಯಲ್ಲಿ ಮೊಟ್ಟೆ ತಿನ್ನುವ ಮಗುವಿಗೆ ಶಾಲೆಯಲ್ಲಿ ಅದು ಸಿಗದಂತೆ ಮಾಡಿದರೆ ಮಗುವಿಗೆ ಅಹಿಂಸೆಯ ಪುಣ್ಯ ಬರುವುದಿಲ್ಲ, ಸುಮಾರು 6 ಗ್ರಾಂ ಪ್ರೊಟೀನು ಮಾತ್ರ ಹೋಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಾಗಿರುವಾಗ ಅದು ಸಣ್ಣ ನಷ್ಟವಲ್ಲ. ಇನ್ನೊಂದು ಬದಿಯಲ್ಲೂ ನ್ಯಾಯ ಪೂರ್ಣವಾಗಿಲ್ಲ. ಬಾಳೆಹಣ್ಣಿನಲ್ಲಿ ಪ್ರೊಟೀನ್ ಸುಮಾರು ಒಂದು ಗ್ರಾಂ, ಬಿ12 ಜೀವಸತ್ವ ಇಲ್ಲವೇ ಇಲ್ಲ. ವ್ರತ ಹಿಡಿದ ಮನೆಯ ಮಗುವಿಗೆ ಸಮನಾದದ್ದು ಸಿಗಬೇಕಾದರೆ ಹಾಲು, ಶೇಂಗಾ, ಕಾಳುಗಳ ಲೆಕ್ಕವನ್ನು ಇನ್ನೂ ಸರಿಯಾಗಿ ಹಾಕಬೇಕು. 2013ರ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯಲ್ಲೇ ಸಿಗುವ ಹಾಲು ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಏನು ಬಡಿಸಬೇಕು ಎಂಬುದರಷ್ಟೇ ಹಳೆಯ ಪ್ರಶ್ನೆ ಯಾರು ಬೇಯಿಸಬೇಕು ಎಂಬುದು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ದಲಿತ ಅಡುಗೆಯವರು ಮಾಡಿದ್ದನ್ನು ಮಕ್ಕಳು ಉಣ್ಣದಂತೆ ಹಿರಿಯರು ತಡೆದ ಸುದ್ದಿ ಆ ನಂತರವೂ ನಿಂತಿಲ್ಲ. ಮೊಟ್ಟೆಯವರದೊಂದು ಸಾಲು, ಬಾಳೆಹಣ್ಣಿನವರದೊಂದು ಸಾಲು ಎಂದು ಕೂರಿಸುವುದೂ ಪಂಕ್ತಿಭೇದದ ಹೊಸ ರೂಪ. ತಟ್ಟೆ ಬೇರೆಯಾಗಬಹುದು, ಸಾಲು ಒಂದೇ ಇರಬೇಕು.

ಊಟದ ಬಗ್ಗೆ ಇಷ್ಟು ಜಗಳವಾಡಿದ ಸಮಾಜ ಆಟದ ಬಗ್ಗೆ ಜಗಳವನ್ನೂ ಆಡಿಲ್ಲ. ಗೀತೆಯ ಆರನೆಯ ಅಧ್ಯಾಯ ಯುಕ್ತ ಆಹಾರವನ್ನೂ ಯುಕ್ತ ವಿಹಾರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಶಾಲೆ ಎರಡನೆಯದರ, ಅಂದರೆ ಆಟದ, ಅವಧಿಯನ್ನು ಗಣಿತದ ಮೇಷ್ಟ್ರಿಗೆ ಸಾಲ ಕೊಡುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ನಾಲ್ಕು ವರ್ಷದವರಿಗೆ ದಿನವಿಡೀ ಸೇರಿ 180 ನಿಮಿಷ ಓಡಾಟ ಬೇಕು. 1975ರಲ್ಲಿ ಟಿ. ನರಸೀಪುರದಿಂದ ರಾಜ್ಯದಲ್ಲಿ ಆರಂಭವಾದ ಅಂಗನವಾಡಿಯ ಹೆಸರಿನಲ್ಲೇ ಅಂಗಳವಿದೆ, ಎಷ್ಟೋ ಬಾಡಿಗೆ ಕೋಣೆಗಳ ಮುಂದೆ ಅದು ಇಲ್ಲ.

ಮೈಯನ್ನು ತತ್ವ ಕೀಳಾಗಿ ಕಂಡದ್ದರಿಂದ ಆಟ ಹೀಗೆ ಮೂಲೆಗೆ ಬಿತ್ತು ಎನ್ನುವಂತಿಲ್ಲ. ತೈತ್ತಿರೀಯ ಉಪನಿಷತ್ತು ಆತ್ಮವಿಚಾರವನ್ನು ಅನ್ನಮಯ ಕೋಶದಿಂದಲೇ ಆರಂಭಿಸುತ್ತದೆ. ಗೀತೆ ಅರ್ಥವಾಗಲು ಮೊದಲು ತೋಳು ಗಟ್ಟಿಯಾಗಲಿ, ಫುಟ್‌ಬಾಲ್ ಆಡಿ ಎಂಬ ಅರ್ಥದ ಮಾತನ್ನು ವಿವೇಕಾನಂದರು ಹೇಳಿದ್ದು ಎಲ್ಲರಿಗೂ ಗೊತ್ತು. ಶರಣರ ಕಾಯಕದೊಳಗೆ ಕಾಯವೇ ಇದೆ. ಆದರೆ ಕಾಯಕದ ಹೆಸರಿನಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ಟು ಅದನ್ನೇ ವ್ಯಾಯಾಮವೆನ್ನುವುದು ಆ ಮಾತಿಗೆ ಬಗೆಯುವ ದ್ರೋಹ. ಸೂರ್ಯನಮಸ್ಕಾರದ ವಿಷಯದಲ್ಲಿ ಮೊಟ್ಟೆಯ ನ್ಯಾಯವೇ ತಿರುಗಿ ಬರುತ್ತದೆ: ಮೈ ಬಾಗಿಸುವುದು ಎಲ್ಲರದು, ನಮಸ್ಕಾರ ನಂಬಿದವರದು.

ಆಟಕ್ಕೆ ಸಮರ್ಥನೆ ಹುಡುಕುವಾಗ ಅದರಿಂದ ಅಂಕ ಹೆಚ್ಚುತ್ತದೆ, ಬೊಜ್ಜು ಕರಗುತ್ತದೆ ಎನ್ನುವುದು ವಾಡಿಕೆ. ಎರಡೂ ಉಪಯೋಗದ ಮಾತು. ಬ್ರಹ್ಮಸೂತ್ರ ಸೃಷ್ಟಿಗೆ ಪ್ರಯೋಜನವೇನು ಎಂಬ ಆಕ್ಷೇಪಕ್ಕೆ ಉತ್ತರಿಸುವಾಗ, ಲೋಕದಲ್ಲಿ ಕಾಣುವ ಲೀಲೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿತು; ಏನನ್ನೂ ಸಾಧಿಸಲಿಕ್ಕಲ್ಲದೆ ನಡೆಯುವ ಕ್ರಿಯೆ ಅದು ಎಂದು. ಕುಂಟೆಬಿಲ್ಲೆ ಆಡುವ ಮಗುವನ್ನು ಯಾಕೆ ಆಡುತ್ತೀ ಎಂದು ಕೇಳಿದರೆ ಅದು ಉತ್ತರ ಕೊಡದೆ ಮುಂದಿನ ಮನೆಗೆ ಹಾರುತ್ತದೆ.