ಹಚ್ಚುವದು ಮತ್ತು ಹಚ್ಚಿಕೊಳ್ಳುವದು

ಮರ ಹಚ್ಚುವದು ಪುಣ್ಯದ ಕೆಲಸವೆಂಬುದನ್ನು ನಮ್ಮ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕೆರೆ ಕಟ್ಟಿಸಿದವನನ್ನೂ ಸಾಲುಮರ ಬೆಳೆಯಿಸಿದವನನ್ನೂ ನಮ್ಮ ನಾಡು ಒಂದೇ ಪಂಕ್ತಿಯಲ್ಲಿ ಕೂಡಿಸಿ ಕೊಂಡಾಡುತ್ತ ಬಂದಿದೆ. ಆದರೆ ಪುಣ್ಯದ ಕೆಲಸಕ್ಕೂ ವಿಚಾರ ಬೇಡವೆ? ಯಾರ ನೆಲದಲ್ಲಿ, ಯಾರ ಕೈಯಿಂದ, ಯಾರ ಸಲುವಾಗಿ ಹಚ್ಚಿದ ಮರವದು ಎಂದು ಕೇಳದೆ ಹೋದರೆ ಒಳ್ಳೆಯ ಕೆಲಸವೂ ಅನ್ಯಾಯವಾಗಿ ಪರಿಣಮಿಸಬಹುದೆಂಬುದು ನಮ್ಮ ಜಿಲ್ಲೆಯು ಅನುಭವದಿಂದಲೇ ಅರಿತ ಸಂಗತಿ. ಆ ಅನುಭವವನ್ನು ಈಗ ನೆನೆಯುವದಕ್ಕೆ ಕಾರಣವುಂಟು.

ಕಲ್ಲಿದ್ದಲನ್ನೂ ಕಲ್ಲೆಣ್ಣೆಯನ್ನೂ ಸುಟ್ಟು ಜಗತ್ತು ಕೂಡಿಹಾಕಿದ ಇಂಗಾಲಾಮ್ಲ ವಾಯುವಿನಿಂದ ಭೂಮಿಯ ಕಾವು ಏರುತ್ತಲಿದೆ. ಅದನ್ನು ತಗ್ಗಿಸಲು ೧೯೯೭ರಲ್ಲಿ ಕ್ಯೋಟೊದಲ್ಲಿಯೂ ೨೦೧೫ರಲ್ಲಿ ಪ್ಯಾರಿಸ್ಸಿನಲ್ಲಿಯೂ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಹೊಗೆಯುಗುಳುವವನು ಬೇರೆಡೆಯಲ್ಲಿ ಮರ ಬೆಳೆಯಿಸಿ ತನ್ನ ಲೆಕ್ಕವನ್ನು ಸರಿದೂಗಿಸಿಕೊಳ್ಳಬಹುದೆಂಬ ಏರ್ಪಾಡು ಹುಟ್ಟಿದ್ದು ಹೀಗೆ. ನಮ್ಮ ದೇಶದಲ್ಲಿಯೂ ೨೦೨೩ರಲ್ಲಿ ಇಂಗಾಲದ ಲೆಕ್ಕದ ವ್ಯಾಪಾರಕ್ಕೆ ನಿಯಮಗಳು ಹೊರಟವು. ಈ ಏರ್ಪಾಡಿನ ಹಿಂದಿರುವ ಶಾಸ್ತ್ರವು ಸುಳ್ಳಲ್ಲ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ ಇರುತ್ತದೆ. ಮರವು ಅದನ್ನು ಗಾಳಿಯಿಂದಲೇ ಹೀರಿ ಕೂಡಿಟ್ಟಿರುತ್ತದೆ. ಆ ಕಟ್ಟಿಗೆಯನ್ನು ಉರಿಸಿದರೆ ಇಂಗಾಲವು ಗಾಳಿಗೆ ಮರಳುವದು ನಿಜ. ಆದರೆ ಕಡಿದಲ್ಲಿ ಮತ್ತೊಂದು ಮರ ಬೆಳೆದರೆ ಅದನ್ನು ಮರಳಿ ಹೀರಿಕೊಳ್ಳುವದು. ಕೋಟ್ಯಂತರ ವರುಷ ನೆಲದೊಳಗೆ ಹುದುಗಿದ್ದ ಕಲ್ಲಿದ್ದಲಿಗೆ ಈ ಮಾತು ಸಲ್ಲದು. ಆದದರಿಂದ ಹಾಳುಬಿದ್ದ ನೆಲದಲ್ಲಿ ಮರ ಬೆಳೆಯಿಸಿರಿ, ಅದರಿಂದಲೇ ಶಕ್ತಿಯನ್ನು ಪಡೆಯಿರಿ ಎಂಬ ಉಪದೇಶವು ಕಿವಿಗೆ ಹಿತವಾಗಿಯೇ ಇದೆ.

ತೊಡಕು ಇರುವದು ‘ಹಾಳುಬಿದ್ದ ನೆಲ’ ಎಂಬ ಮಾತಿನಲ್ಲಿ. ಹಾನಗಲ್ಲ ತಾಲೂಕು ಮಲೆನಾಡಿನ ಸೆರಗು. ಹಿರೇಕೆರೂರಿನ ಒಂದು ಮಗ್ಗುಲೂ ಹಾಗೆಯೇ. ಶಿಗ್ಗಾವಿ ಸವಣೂರುಗಳು ಬಯಲುಸೀಮೆಯ ಕಡೆಗೆ ವಾಲಿದವು. ಈ ನಾಲ್ಕೂ ತಾಲೂಕುಗಳಲ್ಲಿ ಹೊಲಗದ್ದೆಗಳ ನಡುನಡುವೆ ಗುಡ್ಡ, ಮಡ್ಡಿ, ಗಾಯರಾಣಗಳು ಹರಡಿವೆ. ಕಂದಾಯವಿಲ್ಲದ ನೆಲ ಕಾಗದಪತ್ರಗಳಲ್ಲಿ ‘ಬೀಳು’ ಎನ್ನಿಸಿಕೊಳ್ಳುವದು. ಆದರೆ ಆ ಮಡ್ಡಿಯ ಮೇಲೆ ಕುರುಬನ ಕುರಿಗಳು ಮೇಯುತ್ತವೆ. ಬಡ ಹೆಂಗಸು ಅಲ್ಲಿಂದಲೇ ಪುಳ್ಳೆ ಆರಿಸಿ ತಂದು ಒಲೆ ಹೊತ್ತಿಸುತ್ತಾಳೆ. ಬೇಲಿಗೆ ಮುಳ್ಳು, ಹದಮಾಡುವ ತೊಗಲಿಗೆ ತಂಗಡಿಯ ತೊಗಟೆ, ಛಾವಣಿಗೆ ಹುಲ್ಲು, ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಒಬ್ಬನ ಲೆಕ್ಕದಲ್ಲಿ ಶೂನ್ಯವಾದ ನೆಲವು ಇನ್ನೊಬ್ಬನಿಗೆ ಅರ್ಧ ಅನ್ನ. ಹಾಗಿದ್ದರೆ ನೆಲವನ್ನು ಬೀಳೆಂದು ಕರೆಯುವ ಅಧಿಕಾರ ಯಾರದು?

ಈ ಪ್ರಶ್ನೆಯು ನಮ್ಮಲ್ಲಿ ಒಮ್ಮೆ ನ್ಯಾಯಾಲಯದವರೆಗೂ ಹೋಗಿ ಬಂದಿತು. ೧೯೮೪ನೆಯ ನವೆಂಬರ್ ೧೪ರಂದು ಕರ್ನಾಟಕ ಸರಕಾರವು ತುಂಗಭದ್ರೆಯ ದಂಡೆಯಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರಖಾನೆಯೊಡನೆ ಕರಾರು ಮಾಡಿಕೊಂಡಿತು. ಇಬ್ಬರೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿದರು. ನಾಲ್ಕು ಜಿಲ್ಲೆಗಳ ಸುಮಾರು ೩೦,೦೦೦ ಹೆಕ್ಟೇರ್ ಸಾಮೂಹಿಕ ನೆಲದಲ್ಲಿ ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳನ್ನು ಹಚ್ಚಿ, ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಕಾರಖಾನೆಗೆ ಒದಗಿಸುವದು ಅದರ ಉದ್ದೇಶ. ನಮ್ಮ ಸೀಮೆಯು ಆಗ ಅಖಂಡ ಧಾರವಾಡ ಜಿಲ್ಲೆಯೊಳಗಿದ್ದಿತು. ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೮೭ರ ಮಾರ್ಚ್ ತಿಂಗಳಲ್ಲಿ ಇನ್ನಷ್ಟು ನೆಲವನ್ನು ಕಂಪನಿಗೆ ಒಪ್ಪಿಸದಂತೆ ತಡೆಯಾಜ್ಞೆ ದೊರೆಯಿತು. ಅದೇ ವರುಷ, ಕರಾರಾಗಿ ಮೂರು ವರುಷ ತುಂಬಿದ ನವೆಂಬರ್ ೧೪ರಂದು, ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ನೆರೆದರು. ಕಂಪನಿಯ ಕೆಲವು ನೀಲಗಿರಿ ಸಸಿಗಳನ್ನು ಕಿತ್ತರು. ಆ ಕುಣಿಗಳಲ್ಲಿಯೇ ತಮಗೆ ಹಣ್ಣು ಮೇವುಗಳನ್ನು ಕೊಡುವ ಗಿಡಗಳನ್ನು ಹಚ್ಚಿದರು. ೧೯೯೧ರಲ್ಲಿ ಕಂಪನಿಯು ಮುಚ್ಚಿತು.

ಆ ಸತ್ಯಾಗ್ರಹಕ್ಕೆ ಜನರಿಟ್ಟ ಹೆಸರು ‘ಕಿತ್ತಿಕೊ-ಹಚ್ಚಿಕೊ’ ಎಂದು. ವಾಚಕರು ಈ ಹೆಸರನ್ನು ಸ್ವಲ್ಪ ಮನಗೊಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇವೆ. ‘ಹಚ್ಚು’ ಎಂದರೆ ಅದು ಅಪ್ಪಣೆ. ಕೂಲಿಯವನಿಗೂ ಅದನ್ನೇ ಹೇಳುತ್ತೇವೆ. ‘ಹಚ್ಚಿಕೊ’ ಎಂದರೆ ನಿನ್ನ ಸಲುವಾಗಿ ನೀನೇ ಹಚ್ಚು ಎಂದಾಯಿತು. ಮೇಲಾಗಿ ಮಗುವನ್ನು ಹಚ್ಚಿಕೊಂಡಳು, ಊರನ್ನು ಹಚ್ಚಿಕೊಂಡನು ಎಂದು ಮಮತೆಯ ಅರ್ಥದಲ್ಲಿಯೂ ನಾವು ಆಡುವದು ಅದೇ ಮಾತನ್ನು. ಕೂಲಿಗೆ ಹಚ್ಚಿದ ಗಿಡಕ್ಕೂ ಹಚ್ಚಿಕೊಂಡ ಗಿಡಕ್ಕೂ ಇರುವ ಅಂತರವೇ ಈ ಪ್ರಶ್ನೆಯ ತಿರುಳು. ಮೊದಲನೆಯದನ್ನು ಕಾಯಲು ಕಾವಲುಗಾರ ಬೇಕು. ಎರಡನೆಯದನ್ನು ಊರೇ ಕಾಯುತ್ತದೆ.

ನೀಲಗಿರಿಯು ಪರದೇಶದ ಮರ, ಆದದರಿಂದಲೇ ಅದು ಕೆಟ್ಟದು ಎಂದು ಕೆಲವರು ಹೇಳುವರು. ನೆಲದೊಳಗಿನ ನೀರನ್ನು ಅದು ಬರಿದುಮಾಡುವದೆಂಬ ಕಾರಣಕ್ಕೆ ನಮ್ಮ ಸರಕಾರವು ೨೦೧೭ರಲ್ಲಿ ಅದರ ನೆಡುವಿಕೆಯನ್ನೇ ನಿಷೇಧಿಸಿತು. ಆ ಮಾತು ಬೇರೆ. ಆದರೆ ಪರದೇಶದ್ದೆಂಬುದೇ ದೋಷವಾಗಿದ್ದರೆ ಸವಣೂರಿನ ಕಲ್ಮಠದ ದೊಡ್ಡ ಹುಣಸೆಯ ಮರಗಳಿಗೆ ಏನು ಹೇಳೋಣ? ಅವುಗಳ ತವರು ಆಫ್ರಿಕ. ಆದರೂ ಮಠವು ಆ ಮರಗಳಿಂದಲೇ ಹೆಸರು ಪಡೆಯಿತು. ೨೦೨೩ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಆ ಮರಗಳನ್ನು ಊರು ಹಚ್ಚಿಕೊಂಡಿತು. ಕುಸನೂರಿನ ಮಡ್ಡಿಯಲ್ಲಿ ನೀಲಗಿರಿಯ ಬದಲು ಮಾವನ್ನೇ ಹಚ್ಚಿದ್ದರೂ, ಊರವರನ್ನು ಕೇಳದೆ, ಫಲವನ್ನು ಬೇರೆಯವರ ಪಾಲಿಗೆ ಬರೆದಿಟ್ಟು ಹಚ್ಚಿದ್ದರೆ, ಅನ್ಯಾಯವು ಅನ್ಯಾಯವಾಗಿಯೇ ಉಳಿಯುತ್ತಿದ್ದಿತು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಿಗಿಯಾದದ್ದು. ಗಾಯರಾಣವನ್ನು ಕೆಡಿಸಿದವರು ಯಾರು? ಊರವರೇ ಅಲ್ಲವೆ? ಮಿತಿಯಿಲ್ಲದೆ ಮೇಯಿಸಿದರು, ಬೇರುಸಹಿತ ಕಡಿದರು, ಉಳ್ಳವರು ಅಂಚನ್ನು ಒತ್ತಿ ತಮ್ಮ ಹೊಲಕ್ಕೆ ಸೇರಿಸಿಕೊಂಡರು. ಮಳೆ ಬಂದಾಗ ಕೆಂಪು ಮಣ್ಣು ಕೊಚ್ಚಿ ಕೆರೆಗೆ ಹೋಯಿತು. ಇದನ್ನು ಅಲ್ಲಗಳೆಯುವದು ಪ್ರಾಮಾಣಿಕವಲ್ಲ. ಎಲ್ಲರ ನೆಲವು ಯಾರದೂ ಅಲ್ಲದ ನೆಲವಾಗುವದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಇದರಿಂದ ಸಿದ್ಧವಾಗುವದು ಊರಿನ ಕರ್ತವ್ಯವೇ ಹೊರತು ಊರಿನ ಹಕ್ಕಿನ ನಾಶವಲ್ಲ. ಮಗುವನ್ನು ಸರಿಯಾಗಿ ಸಾಕದ ತಾಯಿಗೆ ಬುದ್ಧಿ ಹೇಳಬೇಕು, ನೆರವು ಕೊಡಬೇಕು, ಮಗುವನ್ನು ಮಾರಬಾರದು. ಕುಸನೂರಿನವರು ಕಿತ್ತು ಸುಮ್ಮನೆ ಮನೆಗೆ ಹೋಗಿದ್ದರೆ ಅವರ ಪಕ್ಷವು ಅರ್ಧವೇ ಆಗುತ್ತಿದ್ದಿತು. ಕಿತ್ತ ಕುಣಿಯಲ್ಲಿ ಹಚ್ಚಿದ್ದರಿಂದಲೇ ಕೀಳುವ ಅಧಿಕಾರವೂ ಅವರದಾಯಿತು. ಬೇಡವೆನ್ನುವವನು ಬೇಕಾದದ್ದನ್ನು ಬೆಳೆಯಿಸುವ ಹೊಣೆಯನ್ನೂ ಹೊರಬೇಕು.

ಕಟ್ಟಿಗೆಯಿಂದ ಶಕ್ತಿ ಪಡೆಯುವ ಕೆಲಸವೂ ಈ ನ್ಯಾಯದಿಂದ ನಡೆಯಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತವಿದೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ೧೯೮೮ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಒಂದು ಸಣ್ಣ ಯಂತ್ರವನ್ನು ಹೂಡಿದರು. ಕಟ್ಟಿಗೆಯನ್ನು ಮಿತಗಾಳಿಯಲ್ಲಿ ಉರಿಸಿ, ಹೊರಟ ಅನಿಲವನ್ನು ಎಂಜಿನ್ನಿಗೆ ಉಣಿಸಿ ವಿದ್ಯುತ್ತನ್ನು ತೆಗೆಯುವ ಯಂತ್ರವದು. ಅದಕ್ಕಾಗಿ ಊರ ಬಳಿಯಲ್ಲಿಯೇ ತೋಪನ್ನು ಬೆಳೆಯಿಸಿದರು. ಆ ಕಟ್ಟಿಗೆಯ ಬೆಳಕು ಆ ಊರಿನ ಮನೆಗಳಲ್ಲಿಯೇ ಹೊತ್ತಿತು. ಮುಂದೆ ಕುಡಿಯುವ ನೀರನ್ನು ಎತ್ತಿತು, ಹಿಟ್ಟಿನ ಗಿರಣಿಯನ್ನು ತಿರುಗಿಸಿತು. ಅಲ್ಲಿಯೂ ಮರ, ಕುಸನೂರಿನಲ್ಲಿಯೂ ಮರ. ಭೇದವಿರುವದು ಫಲವು ಹರಿದ ದಿಕ್ಕಿನಲ್ಲಿ.

ಈಗ ಇಂಗಾಲದ ಲೆಕ್ಕಕ್ಕೆ ಮರಳೋಣ. ದೂರದ ಶ್ರೀಮಂತನು ತನ್ನ ಹೊಗೆಯನ್ನು ತಗ್ಗಿಸದೆ, ಹಣ ಕೊಟ್ಟು ನಮ್ಮ ಮಡ್ಡಿಯಲ್ಲಿ ಮರ ಹಚ್ಚಿಸಿ ತಾನು ಶುದ್ಧನಾದೆನೆಂದರೆ ಅದನ್ನು ಪ್ರಾಯಶ್ಚಿತ್ತವೆನ್ನಬಹುದೆ? ಪ್ರಾಯಶ್ಚಿತ್ತಕ್ಕೆ ಮೊದಲಿನ ನಿಯಮವು ತಪ್ಪನ್ನು ನಿಲ್ಲಿಸುವದು, ದಾನವು ಆಮೇಲಿನದು. ಒಬ್ಬನು ತಪ್ಪನ್ನು ಮುಂದುವರಿಸುತ್ತ ಇನ್ನೊಬ್ಬನಿಂದ ಉಪವಾಸ ಮಾಡಿಸಿದರೆ ವ್ರತವಾಗದು. ಆದರೂ ಬರುವ ಹಣವನ್ನೆಲ್ಲ ಒದೆಯಬೇಕೆಂದು ನಾವು ಹೇಳುವದಿಲ್ಲ. ಬೋಳಾದ ಗುಡ್ಡಕ್ಕೆ ಹಸಿರು ಬೇಕೇ ಬೇಕು. ಬಡ ಊರಿಗೆ ಹಣವೂ ಬೇಕು. ಕೇಳಬೇಕಾದದ್ದು ಇಷ್ಟು: ಮರಗಳನ್ನು ಆರಿಸಿದವರು ಯಾರು? ಹುಲ್ಲು ಪುಳ್ಳೆಗಳ ರೂಢಿಯ ಹಕ್ಕು ಉಳಿಯುವದೆ? ಇಂತಹ ಕರಾರುಗಳು ಇಪ್ಪತ್ತು ಮೂವತ್ತು ವರುಷಗಳವರೆಗೂ ನೆಲವನ್ನು ಕಟ್ಟಿಹಾಕಬಲ್ಲವು. ಇಂದು ತೊಟ್ಟಿಲಲ್ಲಿರುವ ಕೂಸಿನ ಪರವಾಗಿ ರುಜು ಹಾಕುವವರು ಯಾರು? ಬರಗಾಲದಲ್ಲಿ ಮರ ಒಣಗಿದರೆ ನಷ್ಟವು ಯಾರ ತಲೆಯ ಮೇಲೆ?

ಈ ಪ್ರಶ್ನೆಗಳನ್ನು ಕೇಳುವ ಭಾರವು ಓದುಬಲ್ಲ ಮನೆಗಳ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಕರಾರುಪತ್ರದ ಭಾಷೆಯು ಕುರುಬನಿಗೆ ತಿಳಿಯದು. ಅದನ್ನು ಓದಿ ಹೇಳಬಲ್ಲವರು ನಾವು. ನೆಲವನ್ನು ಬೀಳೆಂದು ಕರೆಯುವ ಮೊದಲಿನ ತಪ್ಪನ್ನು ಮಾಡುವವರೂ ಬಹುಮಟ್ಟಿಗೆ ನಾವೇ. ಏಕೆಂದರೆ ನಮ್ಮ ಒಲೆಗಳು ಆ ಮಡ್ಡಿಯನ್ನು ಮರೆತು ಬಹಳ ಕಾಲವಾಯಿತು. ಮುಂದೊಂದು ದಿನ ಅಂತಹ ಪತ್ರವು ನಮ್ಮ ಊರಿಗೆ ಬಂದರೆ, ರುಜು ಹಾಕುವ ಮುಂಚೆ ಅದನ್ನು ಚಾವಡಿಗೆ ಒಯ್ದು, ಕುರುಬನನ್ನೂ ಪುಳ್ಳೆ ಆರಿಸುವವಳನ್ನೂ ಕರೆಯಿಸಿ ಕುಳ್ಳಿರಿಸಿ, ಗಟ್ಟಿಯಾಗಿ ಓದಿ ಹೇಳೋಣ. ಅವರು ಒಪ್ಪಿದರೆ ಕುಣಿ ತೋಡೋಣ.