ಇಂದಿನ ಚಿಂತನೆ: ಅಪ್ಪನ ಜೀಪು ಯಾವುದು?

ಮಲೆನಾಡಿನ ಕೊಟ್ಟಿಗೆಗಳಲ್ಲಿ ಹಳೆಯ ಮಹೀಂದ್ರ ಜೀಪುಗಳನ್ನು ನೀವು ನೋಡಿರುತ್ತೀರಿ. ನಮ್ಮ ಬಳಗದ ಸಹೋದರರೊಬ್ಬರು, ತೀರಿಕೊಂಡ ತಂದೆಯ ಅಂಥದೊಂದು ಜೀಪನ್ನು ಮನೆಯಂಗಳದಲ್ಲೇ ಬಿಚ್ಚಿ ರಿಪೇರಿ ಮಾಡುತ್ತಿದ್ದಾರೆ. ತುಕ್ಕು ತಿಂದ ತಳದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದರು. ಬ್ರೇಕು, ವೈರಿಂಗು, ಬ್ಲೇಡ್ ಸೆಟ್ಟು ಬದಲಾದವು. ಈಗ ಎಂಜಿನ್ನೂ ಬದಲಾಗಬೇಕು. ಅಲ್ಲಿಗೆ ಅವರ ಕೈ ನಿಂತಿದೆ. "ಇದನ್ನೂ ತೆಗೆದರೆ ಅಪ್ಪನದು ಅಂತ ಏನುಳೀತು ಮೇಷ್ಟ್ರೇ?" ಎಂದರು.

ಮಿಲಿಂದ ಪ್ರಶ್ನೆಯಲ್ಲಿ, ರಥವೇರಿ ಬಂದ ರಾಜನಿಗೆ ಭಿಕ್ಷು ನಾಗಸೇನರು ಇದನ್ನೇ ಕೇಳುತ್ತಾರೆ. ಗಾಲಿ, ಅಚ್ಚು, ನೊಗ, ಇವುಗಳಲ್ಲಿ ರಥ ಯಾವುದು? ಒಂದೊಂದೂ ರಥವಲ್ಲ, ಅವನ್ನು ಬಿಟ್ಟರೆ ಬೇರೆ ರಥವೂ ಇಲ್ಲ. ಎಲ್ಲ ಕೂಡಿದಾಗ ರಥವೆಂಬ ಹೆಸರು. ಐದು ಸ್ಕಂಧಗಳು ಕೂಡಿದಾಗ 'ನಾನು', 'ಅಪ್ಪ' ಎಂಬ ಹೆಸರು.

ಯೋಚಿಸಿ: ಆ ತಂದೆಯೇ ಬದುಕಿದ್ದಾಗ ಎಷ್ಟು ಸಲ ಟಯರು, ಕ್ಲಚ್ ಪ್ಲೇಟು ಬದಲಿಸಿರಲಿಕ್ಕಿಲ್ಲ? ಅವರ ಕಾಲದಲ್ಲೂ ಜೀಪು ಇದ್ದ ಹಾಗೆ ಇರಲಿಲ್ಲ. ಬದಲಾಗುತ್ತಲೇ ಓಡಿತು.

ಮಳೆಗಾಲದ ರಾತ್ರಿ, ಕೆಸರಿನಲ್ಲಿ ಫೋರ್‌ವೀಲ್ ಹಾಕಿ, ಹೆರಿಗೆನೋವಿನ ಹೆಣ್ಣುಮಕ್ಕಳನ್ನು ಅವರು ಆಸ್ಪತ್ರೆ ಮುಟ್ಟಿಸುತ್ತಿದ್ದರಂತೆ. ಆ ಕರುಣೆಗೆ ತುಕ್ಕು ಹಿಡಿದಿಲ್ಲ. ಆದರೆ ಬಿಚ್ಚಿಟ್ಟ ಜೀಪು ಯಾರನ್ನೂ ಮುಟ್ಟಿಸಲಾರದು. ಎಂಜಿನ್ ಬದಲಿಸಿ, ಅಣ್ಣಾ. ದುಃಖ ಬಂದರೆ ಬರಲಿ, ಅದೂ ಬಂದು ಹೋಗುವಂಥದ್ದೇ. ಮುಂದಿನ ಮಳೆಗೆ ಗಾಡಿ ಸಿದ್ಧವಿರಲಿ.

ಇಂದಿನ ಅಭ್ಯಾಸ: ಅಗಲಿದವರ ವಸ್ತುವೊಂದನ್ನು ಕೈಗೆತ್ತಿಕೊಂಡು, ಅವರ ಯಾವ ಒಳ್ಳೆಯ ಕೆಲಸ ನನ್ನಿಂದ ಮುಂದುವರಿಯಬೇಕು ಎಂದು ಐದು ನಿಮಿಷ ಮೌನವಾಗಿ ಕೇಳಿಕೊಳ್ಳೋಣ.

ಸರ್ವರಿಗೂ ಮಂಗಳವಾಗಲಿ. 🙏